ನಾಲ್ಕು ಡಬ್ಬಿ, ಎರಡು ಪ್ಯಾಚ್, ಒಂದು ತುರಿಕೆ: ಮಂಡಿ ನೋವಿನ ಒಂದು ಪ್ರಕರಣ

ನಾನು ಫಿಸಿಯೋಥೆರಪಿಸ್ಟ್. ದಿನಾ ನೋಡುವುದು ಮಂಡಿ, ಸೊಂಟ, ಭುಜ. ಈ ಪ್ರಕರಣದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಯಾರ ಕಥೆಯೋ ಅವರು ಒಪ್ಪಿಗೆ ಕೊಟ್ಟಿದ್ದಾರೆ, ಬರೆದದ್ದನ್ನು ಓದಿಯೂ ನೋಡಿದ್ದಾರೆ. ಹೆಸರು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಅವರು ಗಣಿತ ಕಲಿಸುತ್ತಿದ್ದವರು. ಅದಕ್ಕೇ ಇಲ್ಲಿ ಟೀಚರ್ ಅಂತ ಕರೆಯುತ್ತೇನೆ.

ಹಿನ್ನೆಲೆ

ಟೀಚರಿಗೆ ಆಗ 63 ವರ್ಷ. 30 ವರ್ಷ ನಿಂತುಕೊಂಡೇ ಪಾಠ ಮಾಡಿದವರು. ಬಲ ಮಂಡಿ ನಾಲ್ಕೈದು ವರ್ಷದಿಂದ ಆಗಾಗ ಕಾಡುತ್ತಿತ್ತು. ಎಕ್ಸ್‌ರೇಯಲ್ಲಿ ಸವೆತ ಕಾಣಿಸಿತ್ತು, ಆದರೆ ಆಪರೇಷನ್ ಮಾಡಿಸುವಷ್ಟಲ್ಲ. ಬೆಳಿಗ್ಗೆ ಎದ್ದಾಗ ಹತ್ತು ನಿಮಿಷ ಬಿಗಿತ, ಮೆಟ್ಟಿಲು ಇಳಿಯುವಾಗ ಚುಚ್ಚಿದ ಹಾಗೆ ನೋವು, ಕುರ್ಚಿಯಿಂದ ಏಳುವಾಗ ಕೈ ಊರಬೇಕು. ಇಷ್ಟಾದರೂ ಮನೆ ಕೆಲಸ, ನಡಿಗೆ ಎಲ್ಲಾ ನಡೆಯುತ್ತಿತ್ತು.

ಒಂದು ಪ್ರಯಾಣದಲ್ಲಿ ನಾಲ್ಕು ದಿನ ಬಿಡದೆ ಮೆಟ್ಟಿಲು ಹತ್ತಿ ಇಳಿದರು. ವಾಪಸು ಬಂದಾಗ ಮಂಡಿ ಊದಿಕೊಂಡಿತ್ತು. ರಾತ್ರಿ ಮಗ್ಗುಲು ಬದಲಿಸಿದರೂ ಎಚ್ಚರ ಆಗುತ್ತಿತ್ತು.

ನೋವಿನ ಮಾತ್ರೆ ನುಂಗೋಣ ಅಂದರೆ ಅದಕ್ಕೊಂದು ಅಡ್ಡಿ ಇತ್ತು. ಅವರಿಗೆ ಬಿಪಿ ಇದೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಸ್ವಲ್ಪ ಮೇಲಿದೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ತರಹದ ಮಾತ್ರೆ ಕಿಡ್ನಿಗೆ ಭಾರ, ಬಿಪಿಯನ್ನೂ ಏರಿಸುತ್ತದೆ. ಅವರ ಡಾಕ್ಟರು ಈ ಮಾತ್ರೆ ಬೇಡವೇ ಬೇಡ ಅಂದಿದ್ದರು. ಸರಿಯಾದ ಸಲಹೆಯೇ. ಆದರೆ ಏನು ಬೇಡ ಅನ್ನುವುದನ್ನು ಹೇಳಿದರೇ ಹೊರತು ಏನು ಮಾಡಬೇಕು ಅನ್ನುವುದನ್ನು ಯಾರೂ ಕೂತು ಹೇಳಲಿಲ್ಲ. ಆ ಖಾಲಿ ಜಾಗಕ್ಕೆ ಡಬ್ಬಿಗಳು ಬಂದವು.

ಒಂದೇ ವಾರದಲ್ಲಿ ಎಲ್ಲವೂ

ಮಗಳು ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮೈನ್ ಮತ್ತು ಕೊಂಡ್ರಾಯ್ಟಿನ್ ಸೇರಿದ ಮಾತ್ರೆ ತಂದಳು. ಮಗ ಮೀನೆಣ್ಣೆ ಕ್ಯಾಪ್ಸೂಲ್ ಕಳಿಸಿದ. ಸ್ನೇಹಿತೆಯೊಬ್ಬರು ತಮಗೆ ತುಂಬಾ ಗುಣ ಆಯಿತು ಅಂತ ಕರ್ಕ್ಯುಮಿನ್ ಕ್ಯಾಪ್ಸೂಲ್ ಕೊಟ್ಟರು. ಅರಿಶಿನದ ಸತ್ವ, ಜೊತೆಗೆ ಕಾಳುಮೆಣಸಿನ ಪೈಪರಿನ್. ಕೊಲಾಜೆನ್ ಪುಡಿಯನ್ನು ಟೀಚರೇ ಕೊಂಡರು. ಅಂಗಡಿಯಿಂದ ಎರಡು ತರಹದ ಪ್ಯಾಚ್ ಬಂತು. ಒಂದು ಮೆಂಥಾಲ್ ಮತ್ತು ಮೀಥೈಲ್ ಸ್ಯಾಲಿಸಿಲೇಟ್ ಇರುವ ತಂಪು ಪ್ಯಾಚ್. ಇನ್ನೊಂದು ಡೈಕ್ಲೋಫೆನಾಕ್ ಔಷಧಿಯ ಪ್ಯಾಚ್. ನುಂಗಬೇಡಿ ಅಂದ ಔಷಧಿಯೇ ಪ್ಯಾಚಿನಲ್ಲಿದೆ ಅನ್ನುವುದು ಅವರ ಗಮನಕ್ಕೆ ಬರಲಿಲ್ಲ. ಚರ್ಮದ ಮೇಲೆ ಹಚ್ಚಿದ್ದರಿಂದ ರಕ್ತಕ್ಕೆ ಹೋಗುವ ಪ್ರಮಾಣ ಮಾತ್ರೆಗಿಂತ ಬಹಳ ಕಡಿಮೆ, ನಿಜ. ಆದರೆ ಕಿಡ್ನಿ ತೊಂದರೆ ಇರುವವರು ಡಾಕ್ಟರಿಗೆ ಒಂದು ಮಾತು ಹೇಳಲೇಬೇಕು.

ಇಷ್ಟೂ ಒಂದೇ ವಾರದಲ್ಲಿ ಶುರುವಾಯಿತು. ಪ್ರೀತಿಯಿಂದ ತಂದ ಸಾಮಾನು, ಯಾವುದನ್ನು ಬಿಡುವುದು ಅಲ್ವಾ? ಯಾರ ತಪ್ಪೂ ಅಲ್ಲ ಅದು. ನಮ್ಮವರು ನರಳುವುದನ್ನು ನೋಡಿಕೊಂಡು ಸುಮ್ನೆ ಕೂರಲು ಯಾರಿಗೂ ಆಗುವುದಿಲ್ಲ.

ಟೀಚರ್ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಮೊದಲ ದಿನದಿಂದಲೇ ಒಂದು ಚೌಕುಳಿ ನೋಟ್‌ಬುಕ್ಕಿನಲ್ಲಿ ಪ್ರತಿ ರಾತ್ರಿ ನೋವಿಗೆ 10ಕ್ಕೆ ಇಷ್ಟು ಅಂತ ಅಂಕ ಹಾಕುತ್ತಿದ್ದರು. ಪರೀಕ್ಷೆ ಪೇಪರು ತಿದ್ದುವ ಕೆಂಪು ಪೆನ್ನಿನಲ್ಲೇ. ಮೊದಲ ವಾರ ಸರಾಸರಿ 7. ಮೂರನೇ ವಾರಕ್ಕೆ 4. ಮನೆಯಲ್ಲಿ ಎಲ್ಲರಿಗೂ ಖುಷಿ. ಮಗಳಿಗೆ ತನ್ನ ಮಾತ್ರೆಯ ಮೇಲೆ ನಂಬಿಕೆ, ಸ್ನೇಹಿತೆಗೆ ತಮ್ಮ ಕ್ಯಾಪ್ಸೂಲಿನ ಮೇಲೆ.

ಎಂಟನೇ ವಾರಕ್ಕೆ ಅಂಕ ಮತ್ತೆ 5ಕ್ಕೆ ಏರಿತು. ಆಗ ಟೀಚರ್ ಒಂದು ನಿರ್ಧಾರ ತೆಗೆದುಕೊಂಡರು. ಕರ್ಕ್ಯುಮಿನ್ ಕ್ಯಾಪ್ಸೂಲನ್ನು ದಿನಕ್ಕೆ 2ರಿಂದ 4ಕ್ಕೆ ಏರಿಸಿದರು. ಯಾರನ್ನೂ ಕೇಳಲಿಲ್ಲ. ನಾನು ಆಮೇಲೆ ಕೇಳಿದಾಗ ಅವರು ಹೇಳಿದ್ದು ಇದು: "ಅರಿಶಿನ ತಾನೇ ಅಮ್ಮಾ, ಜಾಸ್ತಿ ಆದ್ರೆ ಏನಾಗುತ್ತೆ ಅಂದ್ಕೊಂಡೆ."

ನಾನು ಬಂದದ್ದು, ನಾನು ತಪ್ಪಿದ್ದು

ಹತ್ತನೇ ವಾರ ಟೀಚರ್ ನನ್ನ ಹತ್ತಿರ ಬಂದರು. ಮಂಡಿ ನೋವಿಗಾಗಿ ಅಲ್ಲ, ಮಂಡಿಯ ಮೇಲಿನ ಗಾಯಕ್ಕಾಗಿ. ಸೀರೆಯನ್ನು ಸ್ವಲ್ಪ ಮೇಲೆ ಎತ್ತಿ ತೋರಿಸಿದರು. ಮಂಡಿಚಿಪ್ಪಿನ ಮೇಲ್ಭಾಗದಲ್ಲಿ ಅಂಗೈ ಅಗಲದ ಕೆಂಪು ಚೌಕ. ಮೂಲೆಗಳು ಸ್ವಲ್ಪ ದುಂಡಗೆ, ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ. ನಡುವೆ ಮೂರು ನೀರುಗುಳ್ಳೆ. ಒಂದು ಒಡೆದಿತ್ತು. ಏನಾಯಿತು ಅನ್ನುವುದು ಆ ಆಕಾರ ನೋಡಿದರೇ ಗೊತ್ತಾಗುತ್ತಿತ್ತು. ತಂಪು ಪ್ಯಾಚ್ ಅಂಟಿಸಿಕೊಂಡು, ಅದರ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ನಿದ್ದೆ ಹೋಗಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೆಂಥಾಲ್ ಚರ್ಮವನ್ನು ನಿಜವಾಗಿ ತಣ್ಣಗೆ ಮಾಡುವುದಿಲ್ಲ. ತಂಪನ್ನು ಗುರುತಿಸುವ ನರದ ತುದಿಯಲ್ಲಿ ಒಂದು ಪುಟ್ಟ ಬಾಗಿಲಿದೆ, ಮೆಂಥಾಲ್ ಅದನ್ನು ತೆರೆಯುತ್ತದೆ. ಮಿದುಳಿಗೆ ತಂಪು ಅನ್ನುವ ಸುದ್ದಿ ಹೋಗುತ್ತದೆ, ನೋವಿನ ಸುದ್ದಿ ಸ್ವಲ್ಪ ಹಿಂದೆ ಬೀಳುತ್ತದೆ. ಬಿಸಿ ಮತ್ತು ಸ್ಪರ್ಶವನ್ನು ಗುರುತಿಸುವ ಇಂಥ ಬಾಗಿಲುಗಳನ್ನು ಕಂಡುಹಿಡಿದದ್ದಕ್ಕೆ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಮೆಂಥಾಲ್ ಕೆಲಸ ಮಾಡುತ್ತದೆ, ಮೋಸ ಅಲ್ಲ. ಆದರೆ ತಂಪು ಅನಿಸುತ್ತಿರುವ ಚರ್ಮದ ಮೇಲೆ ಬಿಸಿ ಇಟ್ಟರೆ ಸುಡುತ್ತಿರುವುದು ಬೇಗ ತಿಳಿಯುವುದಿಲ್ಲ. ಬಿಸಿಗೆ ರಕ್ತನಾಳ ಹಿಗ್ಗಿ, ಪ್ಯಾಚಿನಲ್ಲಿರುವುದು ಒಳಗೆ ಹೋಗುವ ವೇಗವೂ ಹೆಚ್ಚುತ್ತದೆ. ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್, ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಇರುವ ಲೇಪ ಮತ್ತು ಪ್ಯಾಚುಗಳಿಂದ ಅಪರೂಪಕ್ಕೆ ಸುಟ್ಟಗಾಯ ಆಗುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲೇ ಎಚ್ಚರಿಸಿತ್ತು. ಕೆಲವರಿಗೆ ಬಿಸಿ ಇಡದೆಯೇ ಹಾಗಾಗಿತ್ತು.

ಗಾಯಕ್ಕೆ ಡ್ರೆಸಿಂಗ್ ಮಾಡಿಸಿಕೊಳ್ಳಲು ಕಳಿಸಿದೆ. ಎರಡೂ ಪ್ಯಾಚ್ ನಿಲ್ಲಿಸಿ ಅಂದೆ. ಹೊರಡುವಾಗ ಟೀಚರ್, "ಮೈ ಎಲ್ಲಾ ಒಂಥರಾ ನವೆ ಅಮ್ಮಾ" ಅಂದರು. ನಾನು ಆ ಕೆಂಪು ಚೌಕವನ್ನು ನೋಡುತ್ತಲೇ ಉತ್ತರ ಕೊಟ್ಟೆ. ಪ್ಯಾಚಿನ ಅಂಟಿಗೆ ಅಲರ್ಜಿ ಆಗಿರಬೇಕು, ನಿಲ್ಲಿಸಿದ್ದೀರಲ್ಲ, ಹೋಗುತ್ತದೆ ಅಂದೆ.

ಐದು ದಿನ ಬಿಟ್ಟು ಫೋನ್ ಮಾಡಿದರು. ಗಾಯ ಒಣಗುತ್ತಿದೆ, ನವೆ ಮಾತ್ರ ಹೋಗಿಲ್ಲ, ರಾತ್ರಿ ಜಾಸ್ತಿ ಆಗುತ್ತದೆ ಅಂದರು. ಅಲರ್ಜಿ ಇಳಿಯಲು ಒಂದೆರಡು ವಾರ ಬೇಕು ಅಂದುಬಿಟ್ಟೆ.

ನನ್ನ ತಪ್ಪು ಅಲ್ಲಿದೆ. ಪ್ಯಾಚಿನ ಅಲರ್ಜಿ ಆಗಿದ್ದರೆ ನವೆ ಪ್ಯಾಚ್ ಇದ್ದ ಜಾಗದಲ್ಲಿ ಶುರುವಾಗಿ, ಪ್ಯಾಚ್ ತೆಗೆದ ಮೇಲೆ ದಿನದಿಂದ ದಿನಕ್ಕೆ ಇಳಿಯಬೇಕಿತ್ತು. ಅವರದು ಏರುತ್ತಿತ್ತು. ಕಣ್ಣೆದುರು ಒಂದು ಕಾರಣ ಅಷ್ಟು ಸ್ಪಷ್ಟವಾಗಿ, ಅದೂ ಚೌಕಾಕಾರವಾಗಿ ಕೂತಿದ್ದರಿಂದ ಇನ್ನೊಂದು ಕಾರಣ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ನವೆ ಎಲ್ಲಿ ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಕೈ ತುರಿಸಿಕೊಂಡ ಆ ಕ್ಷಣ

ಹತ್ತನೇ ದಿನ ಗಾಯ ತೋರಿಸಲು ಬಂದರು. ಮಾತಾಡುತ್ತಾ ಎಡಗೈಯ ಅಂಗೈಯನ್ನು ಬಲಗೈ ಉಗುರಿನಿಂದ ಕೆರೆಯುತ್ತಿದ್ದರು. ಅಂಗೈಗೆ ಅವರು ಯಾವತ್ತೂ ಪ್ಯಾಚ್ ಹಾಕಿಲ್ಲ. ಅಂಗೈಯ ಚರ್ಮದಲ್ಲಿ ಒಂದು ಗುಳ್ಳೆಯಿಲ್ಲ, ಕೆಂಪಿಲ್ಲ, ಬರೀ ಉಗುರಿನ ಗೆರೆ.

ಆಗ ಎದೆ ಝಲ್ಲೆಂದಿತು. ಪಾದಕ್ಕೂ ಹೀಗೇ ನವೆಯಾ ಅಂತ ಕೇಳಿದೆ. ಹೌದು ಅಂದರು. ಊಟ? ಸೇರುತ್ತಿಲ್ಲ, ವಾರದಿಂದ ಸುಸ್ತು. ಮೂತ್ರದ ಬಣ್ಣ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಡು ಹಳದಿ. ನೀರು ಕಡಿಮೆ ಕುಡೀತಿದೀನಿ ಅಂದ್ಕೊಂಡಿದ್ದೆ" ಅಂದರು. ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಕೆಳ ರೆಪ್ಪೆ ಎಳೆದು ನೋಡಿದೆ. ಕಣ್ಣಿನ ಬಿಳಿ ಭಾಗ ಬಿಳಿಯಾಗಿರಲಿಲ್ಲ.

ಚರ್ಮದಲ್ಲಿ ಏನೂ ಕಾಣದೆ ಅಂಗೈ, ಅಂಗಾಲಿನಲ್ಲಿ ನವೆ, ಅದೂ ರಾತ್ರಿ ಜಾಸ್ತಿ ಅಂದರೆ ಲಿವರ್ ತಯಾರಿಸುವ ಪಿತ್ತರಸ ಸರಿಯಾಗಿ ಹರಿಯುತ್ತಿಲ್ಲ ಅನ್ನುವ ಅನುಮಾನ ಬರಬೇಕು. ಅದು ಲಿವರಿನ ಕಡೆ ಬೊಟ್ಟು ಮಾಡುತ್ತದೆ. ನಾನು ಔಷಧಿ ಕೊಡುವವಳಲ್ಲ. ನನ್ನ ಕೈಲಿ ಆಗಬೇಕಾದ ಕೆಲಸ ಎರಡೇ: ಇವತ್ತೇ ಡಾಕ್ಟರ ಹತ್ತಿರ ಕಳಿಸುವುದು, ಮನೆಯಲ್ಲಿ ನುಂಗುತ್ತಿರುವ ಎಲ್ಲಾ ಡಬ್ಬಿಯನ್ನೂ ಜೊತೆಗೆ ಕಳಿಸುವುದು. ಮಗಳಿಗೆ ಫೋನ್ ಮಾಡಿದೆ. ಬಿಪಿ ಮಾತ್ರೆಯಿಂದ ಹಿಡಿದು ಪುಡಿಯವರೆಗೆ ಒಂದು ಚೀಲಕ್ಕೆ ತುಂಬಿಕೊಂಡು ನೇರ ಅಲ್ಲಿಗೆ ಬನ್ನಿ ಅಂದೆ. ಅವಳು ಮಾತು ಮುಗಿಯುವ ಮೊದಲೇ ಹೊರಟಳು.

ಎಎಲ್‌ಟಿ ಅನ್ನುವ ಲಿವರ್ ಪರೀಕ್ಷೆ ಸಾಮಾನ್ಯವಾಗಿ 40ರ ಆಸುಪಾಸಿನೊಳಗೆ ಇರಬೇಕು. ಟೀಚರದು 612. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ 1.2ರ ಒಳಗಿರಬೇಕಾದದ್ದು 3.4. ಹೆಪಟೈಟಿಸ್ ವೈರಸ್ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಸ್ಕ್ಯಾನಿನಲ್ಲಿ ಪಿತ್ತಕೋಶದ ಕಲ್ಲಿಲ್ಲ, ನಾಳದಲ್ಲಿ ತಡೆಯಿಲ್ಲ. ಡಾಕ್ಟರು ಚೀಲದಲ್ಲಿದ್ದ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಹಿಂದಿನ ಸಣ್ಣಕ್ಷರ ಓದಿದರು. ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ ಮಾತ್ರ ಒಂದು ಕಡೆ ಇಟ್ಟರು. ಉಳಿದ ನಾಲ್ಕೂ ಅವತ್ತಿಗೇ ನಿಂತವು. ಪ್ಯಾಚ್ ಮೊದಲೇ ನಿಂತಿತ್ತು.

ಎಲ್ಲಕ್ಕಿಂತ ಅನುಮಾನ ಕರ್ಕ್ಯುಮಿನ್ ಮೇಲೆ ಬಂತು. ಅದಕ್ಕೆ ಕಾರಣ ಇದೆ. ಅರಿಶಿನದ ಸತ್ವ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರುಳು ಮತ್ತು ಲಿವರ್ ಅದನ್ನು ಬೇಗ ಹೊರಗೆ ಹಾಕುತ್ತವೆ. ಆ ಕೆಲಸವನ್ನು ಪೈಪರಿನ್ ತಡೆಯುತ್ತದೆ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ ಶೇಕಡ 2000ದಷ್ಟು ಹೆಚ್ಚುತ್ತದೆ ಅಂತ 1998ರ ಒಂದು ಅಧ್ಯಯನ ತೋರಿಸಿತ್ತು. ಅದನ್ನೇ ಡಬ್ಬಿಯ ಮೇಲೆ ಹೆಗ್ಗಳಿಕೆಯಾಗಿ ಹಾಕುತ್ತಾರೆ. ಆದರೆ ಅಷ್ಟೂ ಹೊರೆ ಕೊನೆಗೆ ಲಿವರ್ ದಾಟಿಯೇ ಹೋಗಬೇಕಲ್ಲ. ಅರಿಶಿನದ ಸಪ್ಲಿಮೆಂಟಿನಿಂದ ಲಿವರ್ ಹಾನಿಯಾದ ಪ್ರಕರಣಗಳು ಇಟಲಿ, ಅಮೆರಿಕ, ಆಸ್ಟ್ರೇಲಿಯಾದಲ್ಲಿ ವರದಿಯಾಗಿವೆ. ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತು. ಅಮೆರಿಕದ ತಜ್ಞರ ಜಾಲವೊಂದು ವರದಿ ಮಾಡಿದ 10 ಪ್ರಕರಣಗಳಲ್ಲಿ 7 ಜನರಿಗೆ ಎಚ್‌ಎಲ್‌ಎ-ಬಿ 35:01 ಅನ್ನುವ ಒಂದೇ ವಂಶವಾಹಿ ಗುರುತು ಇತ್ತು. ಅಂದರೆ ಬಹಳ ಜನರಿಗೆ ಏನೂ ಆಗದ ಕ್ಯಾಪ್ಸೂಲ್ ಕೆಲವರಿಗೆ ಮಾತ್ರ ಆಗಿಬರುವುದಿಲ್ಲ. ಸ್ನೇಹಿತೆಗೆ ಒಗ್ಗಿದ್ದು ಟೀಚರಿಗೆ ಒಗ್ಗಲಿಲ್ಲ. ಯಾರಿಗೆ ಒಗ್ಗುವುದಿಲ್ಲ ಅಂತ ನುಂಗುವ ಮೊದಲು ಮುಖ ನೋಡಿ ಹೇಳಲಾಗುವುದಿಲ್ಲ. ಅಡುಗೆಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು. ಕ್ಯಾಪ್ಸೂಲಿನ ಪ್ರಮಾಣವೇ ಬೇರೆ, ಅದರ ದಾರಿಯೇ ಬೇರೆ.

ಆದರೂ ಡಾಕ್ಟರು "ಬಹುಶಃ" ಅಂತಲೇ ಬರೆದರು. ನಾಲ್ಕೂ ಒಂದೇ ವಾರ ಶುರುವಾಗಿದ್ದವು. ಇದೇ ಅಂತ ಬೆರಳು ಮಾಡಿ ತೋರಿಸಲು ಯಾರಿಗೂ ಸಾಧ್ಯ ಆಗಲಿಲ್ಲ. ಒಂದೊಂದಾಗಿ ಮತ್ತೆ ಕೊಟ್ಟು ನೋಡುವ ಪ್ರಶ್ನೆಯೇ ಇಲ್ಲ, ಲಿವರಿನ ವಿಷಯದಲ್ಲಿ ಅದು ಅಪಾಯ. ಹಾಗಾಗಿ ಆ "ಬಹುಶಃ" ಅವರ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ.

ಇನ್ನೊಂದು ವಿಷಯ ಆ ಚೀಲ ಬಿಚ್ಚಿದಾಗಲೇ ಹೊರಬಂತು. ಟೀಚರ ಯಜಮಾನರು ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಸೊಂಟ ಹಿಡಿದಾಗ ಅವರೂ ಅದೇ ತಂಪು ಪ್ಯಾಚ್ ಹಾಕಿಕೊಳ್ಳುತ್ತಿದ್ದರಂತೆ. ಮೀಥೈಲ್ ಸ್ಯಾಲಿಸಿಲೇಟ್ ಚರ್ಮದ ಮೂಲಕ ಒಳಗೆ ಹೋಗಿ ವಾರ್ಫರಿನ್ ಪರಿಣಾಮ ಹೆಚ್ಚಿಸಬಹುದು, ರಕ್ತಸ್ರಾವ ಆಗಬಹುದು. ಗ್ಲುಕೋಸಮೈನ್ ಕೂಡ ವಾರ್ಫರಿನ್ ಜೊತೆ ಹೊಂದುವುದಿಲ್ಲ ಅನ್ನುವ ವರದಿಗಳಿವೆ. ಅವರಿಗೆ ಏನೂ ಆಗಿರಲಿಲ್ಲ, ಪುಣ್ಯ. ಅವತ್ತಿನಿಂದ ನಾನು ಪ್ಯಾಚ್ ಬಗ್ಗೆ ಯಾರನ್ನೇ ಕೇಳಿದರೂ, ಮನೆಯಲ್ಲಿ ಇನ್ಯಾರು ಹಾಕಿಕೊಳ್ಳುತ್ತಾರೆ ಅಂತಲೂ ಕೇಳುತ್ತೇನೆ.

ನೋಟ್‌ಬುಕ್ ಹೇಳಿದ್ದು

ಎಎಲ್‌ಟಿ ಮೂರು ವಾರದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ನವೆ ಅದಕ್ಕೂ ಮೊದಲೇ ಹೋಯಿತು. ಪೂರ್ತಿ ಸರಿಹೋಗಲು ಹತ್ತು ವಾರ ಬೇಕಾಯಿತು.

ಡಬ್ಬಿ ನಿಲ್ಲಿಸಿ ನಾಲ್ಕು ವಾರ ಆಗುವ ಹೊತ್ತಿಗೆ ಟೀಚರ್ ನೋಟ್‌ಬುಕ್ಕಿನ ಅಂಕಗಳನ್ನೆಲ್ಲಾ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದಿದ್ದರು. ನನ್ನ ಮುಂದೆ ಬಿಚ್ಚಿಟ್ಟು, "ಇಲ್ಲಿ ನೋಡು" ಅಂತ ಪೆನ್ನಿನ ತುದಿ ಇಟ್ಟರು. ಪ್ಯಾಚ್ ನಿಲ್ಲಿಸಿದ ಮರುದಿನದಿಂದ ಗೆರೆ ಮೇಲಕ್ಕೆ ಹೋಗಿತ್ತು, 5ರಿಂದ 6ರ ಆಚೆಗೆ. ಹತ್ತು ದಿನ ಬಿಟ್ಟು ಡಬ್ಬಿಗಳನ್ನು ನಿಲ್ಲಿಸಿದ ಜಾಗದಲ್ಲಿ ಗೆರೆ ಅಲುಗಾಡಿರಲಿಲ್ಲ. ಆಮೇಲಿನ ನಾಲ್ಕು ವಾರವೂ ಹಾಗೇ.

ಯಾರೂ ಯೋಜನೆ ಹಾಕಿ ಮಾಡಿದ ಪರೀಕ್ಷೆಯಲ್ಲ ಇದು. ಕಾಯಿಲೆ ಬಿದ್ದಿದ್ದರಿಂದ ಅವರು ಓಡಾಡಿದ್ದೂ ಕಡಿಮೆ, ಅದರ ಪ್ರಭಾವವೂ ಇರಬಹುದು. ಆದರೂ ಮೂರು ತಿಂಗಳು ನುಂಗಿದ ನಾಲ್ಕು ಡಬ್ಬಿಯನ್ನು ಒಟ್ಟಿಗೆ ಬಿಟ್ಟರೆ ಮಂಡಿಗೆ ಅದು ಗೊತ್ತೇ ಆಗಲಿಲ್ಲ ಅನ್ನುವುದು ಅವರನ್ನು ಬಹಳ ಯೋಚನೆಗೆ ಹಚ್ಚಿತು. "ಹಾಗಾದ್ರೆ ಮೊದಲ ಮೂರು ವಾರ ನನಗೆ ಕಡಿಮೆ ಆಗಿದ್ದು ಸುಳ್ಳಾ?" ಅಂತ ಕೇಳಿದರು. ದನಿಯಲ್ಲಿ ಸ್ವಲ್ಪ ನೋವಿತ್ತು.

ಸುಳ್ಳಲ್ಲ ಮೇಡಂ, ಕಡಿಮೆ ಆಗಿದ್ದು ನಿಜವೇ ಅಂದೆ. ಕಾರಣ ಮಾತ್ರ ಬೇರೆ ಇರಬಹುದು. ಮಂಡಿ ಸವೆತದ ನೋವು ಒಂದೇ ಸಮ ಇರುವುದಿಲ್ಲ, ಏರಿ ಇಳಿಯುತ್ತದೆ. ನಾವು ಡಬ್ಬಿ ಹಿಡಿದುಕೊಂಡು ಕೂರುವುದು ನೋವು ತೀರಾ ಏರಿದಾಗ. ಅಲ್ಲಿಂದ ಅದು ತಾನಾಗಿಯೇ ಇಳಿಯುವ ಸಾಧ್ಯತೆ ಜಾಸ್ತಿ. ಅದರ ಜೊತೆಗೆ ಪ್ಯಾಚಿನ ಔಷಧಿ, ವಿಶ್ರಾಂತಿ, ಮನೆಯವರ ಆರೈಕೆ, ಗುಣ ಆಗುತ್ತದೆ ಅನ್ನುವ ಭರವಸೆ. ಅಮೆರಿಕದಲ್ಲಿ ನಡೆದ ಗೇಟ್ ಅನ್ನುವ ದೊಡ್ಡ ಅಧ್ಯಯನದ ಅಂಕಿಗಳನ್ನು ಅವರ ಮುಂದಿಟ್ಟೆ. 2006ರಲ್ಲಿ ಪ್ರಕಟವಾದದ್ದು, ಮಂಡಿ ನೋವಿರುವ 1583 ಜನ, 24 ವಾರ. ಔಷಧಿಯೇ ಇಲ್ಲದ ಮಾತ್ರೆ ನುಂಗಿದವರಲ್ಲಿ ಶೇಕಡ 60 ಮಂದಿಗೆ ನೋವು ಐದರಲ್ಲಿ ಒಂದು ಭಾಗವಾದರೂ ಇಳಿದಿತ್ತು. ಗ್ಲುಕೋಸಮೈನ್ ಮತ್ತು ಕೊಂಡ್ರಾಯ್ಟಿನ್ ಎರಡನ್ನೂ ನುಂಗಿದವರಲ್ಲಿ ಶೇಕಡ 67. ಆ ಅಂತರ ಆಕಸ್ಮಿಕ ಅಲ್ಲ ಅನ್ನುವಷ್ಟು ದೊಡ್ಡದಾಗಿರಲಿಲ್ಲ. ನೋವು ಜಾಸ್ತಿ ಇದ್ದ ಸಣ್ಣ ಗುಂಪಿನಲ್ಲಿ ಮಾತ್ರ ಸ್ವಲ್ಪ ಆಶೆ ಕಾಣಿಸಿತ್ತು. ಅಮೆರಿಕದ ಕೀಲುವಾತ ತಜ್ಞರ ಸಂಸ್ಥೆಯ ಈಗಿನ ಮಾರ್ಗಸೂಚಿ ಮಂಡಿ ಸವೆತಕ್ಕೆ ಗ್ಲುಕೋಸಮೈನ್ ಬೇಡ ಅಂತ ಹೇಳುತ್ತದೆ. ಚರ್ಮಕ್ಕೆ ಹಚ್ಚುವ ನೋವಿನ ಔಷಧಿ, ವ್ಯಾಯಾಮ, ತೂಕ ಜಾಸ್ತಿ ಇದ್ದರೆ ಇಳಿಸುವುದು, ಇವುಗಳನ್ನು ಬಲವಾಗಿ ಶಿಫಾರಸು ಮಾಡುತ್ತದೆ.

ಶೇಕಡ 60 ಅನ್ನುವ ಅಂಕಿಯನ್ನು ಟೀಚರ್ ಎರಡು ಸಲ ಹೇಳಿಸಿಕೊಂಡರು. ಆಮೇಲೆ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಮೂರು ಕಾಲಂ ಹಾಕಿದರು. ಹಳೆಯ ಪುಟಗಳಲ್ಲಿ ನೋವಿನ ಅಂಕ ಮಾತ್ರ ಇತ್ತು. ಈಗ ಪಕ್ಕದಲ್ಲಿ ಇನ್ನೆರಡು: ಇವತ್ತು ಏನು ಹಚ್ಚಿದೆ, ಇವತ್ತು ಹೊಸದೇನು.

ಮತ್ತೆ ಕಟ್ಟಿಕೊಂಡದ್ದು

ಮೊದಲು ಹಿಡಿದದ್ದು ತೊಡೆಯ ಸ್ನಾಯು. ಮೂಳೆಯ ತುದಿಯ ಮೆತ್ತೆಗೆ, ಕಾರ್ಟಿಲೇಜ್ ಅನ್ನುತ್ತಾರಲ್ಲ ಅದಕ್ಕೆ, ನರವೇ ಇಲ್ಲ. ನೋವು ಬರುವುದು ಅದರ ಸುತ್ತಲಿನ ಪೊರೆ, ಮೂಳೆ, ಎಳೆದುಕೊಂಡ ಸ್ನಾಯುಗಳಿಂದ. ತೊಡೆ ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಹೊರೆ ಹಂಚಿಹೋಗುತ್ತದೆ. ಕೈ ಊರದೆ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ಎಣಿಸಿದೆ. ಟೀಚರಿಗೆ 7 ಆಯಿತು. ಅವರ ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆ ಅಂದರೆ ಸರಾಸರಿಗಿಂತ ಕೆಳಗೆ. ಲಿವರಿನ ಸುಸ್ತು ಇನ್ನೂ ಇತ್ತು. ಹಾಗಾಗಿ ದಿನಕ್ಕೆ ಹತ್ತೇ ನಿಮಿಷ. ಮಲಗಿ ಕಾಲು ನೇರ ಎತ್ತುವುದು, ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತುವುದು, ಎತ್ತರದ ಕುರ್ಚಿಯಿಂದ ಎದ್ದು ಕೂರುವುದು. ಆಮೇಲೆ ಕುರ್ಚಿ ತಗ್ಗಿಸುತ್ತಾ ಹೋದೆವು.

ಆರು ವಾರ ಬೇರೇನೂ ಸೇರಿಸಲಿಲ್ಲ. ಇದು ಕಷ್ಟದ ಕಾಲ. ಎರಡು ವಾರ ಆದರೂ ಗೆರೆ ಇಳಿಯದಿದ್ದಾಗ ಮಗಳು ಫೋನ್ ಮಾಡಿ, ಅಮ್ಮ ಇಷ್ಟು ನೋವು ತಿನ್ನುತ್ತಾ ಇದ್ದಾರೆ, ಏನಾದರೂ ಕೊಡಬಾರದಾ ಅಂತ ಅತ್ತಳು. ಅವಳ ಸಂಕಟ ನನಗೆ ಅರ್ಥ ಆಗುತ್ತಿತ್ತು. ಡಾಕ್ಟರ ಜೊತೆ ಮಾತಾಡಿ, ಲಿವರ್ ಸರಿಹೋಗುವವರೆಗೆ ಕಾಯುವುದೇ ಸರಿ ಅಂತ ತೀರ್ಮಾನ ಮಾಡಿದೆವು. ವ್ಯಾಯಾಮದ ಐದನೇ ವಾರ ಅಂಕ ಮತ್ತೆ 5ರ ಕೆಳಗೆ ಬಂತು.

ಲಿವರ್ ವರದಿ ಸರಿಬಂದ ಮೇಲೆ, ಕಿಡ್ನಿಯನ್ನೂ ಮತ್ತೊಮ್ಮೆ ನೋಡಿ, ಡಾಕ್ಟರು ಡೈಕ್ಲೋಫೆನಾಕ್ ಗೆಲ್‌ಗೆ ಒಪ್ಪಿಗೆ ಕೊಟ್ಟರು. ತಿಂಗಳಿಗೊಮ್ಮೆ ರಕ್ತಪರೀಕ್ಷೆ ಅನ್ನುವ ಷರತ್ತಿನ ಮೇಲೆ. ಪ್ಯಾಚ್ ಯಾಕಲ್ಲ? ಡೈಕ್ಲೋಫೆನಾಕ್ ಪ್ಯಾಚ್ ಮುಖ್ಯವಾಗಿ ಬಂದದ್ದು ಉಳುಕು, ಪೆಟ್ಟು ತರಹದ ಹೊಸ ನೋವಿಗೆ. ಮಂಡಿ ಸವೆತಕ್ಕೆ ಜಾಸ್ತಿ ಅಧ್ಯಯನ ಆಗಿರುವುದು ಗೆಲ್ ಬಗ್ಗೆ. ಮಂಡಿ ದಿನಕ್ಕೆ ನೂರಾರು ಸಲ ಮಡಚುತ್ತದೆ, ಪ್ಯಾಚಿನ ಅಂಚು ಎದ್ದುಬಿಡುತ್ತದೆ. ಅವರ ಗಾಯದ ಜಾಗದ ಚರ್ಮವೂ ಇನ್ನೂ ತೆಳುವಾಗಿತ್ತು. ಮಂಡಿ, ಬೆರಳಿನಂಥ ಕೀಲು ಚರ್ಮಕ್ಕೆ ಹತ್ತಿರ ಇರುವುದರಿಂದ ಹಚ್ಚಿದ ಔಷಧಿ ಅಲ್ಲಿಗೆ ತಲುಪುತ್ತದೆ. ಸೊಂಟದ ಕೀಲು ಬಹಳ ಆಳದಲ್ಲಿದೆ, ಅಲ್ಲಿಗೆ ಹಚ್ಚಿ ಪ್ರಯೋಜನ ಇಲ್ಲ.

ಹಚ್ಚುವ ರೀತಿಯಲ್ಲೂ ಒಂದು ವಿಷಯ ಇದೆ. ಬಹಳ ಜನ ಬಟಾಣಿಯಷ್ಟು ಗೆಲ್ ತೆಗೆದುಕೊಂಡು ಮಂಡಿಚಿಪ್ಪಿನ ಮೇಲೆ ಸವರಿ ಬಿಡುತ್ತಾರೆ. ಶೇಕಡ 1ರ ಗೆಲ್ ಆದರೆ ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ ಅಂತ ಲೆಕ್ಕ. ಕೆಲವು ಪೊಟ್ಟಣಗಳಲ್ಲಿ ಅಳತೆ ಪಟ್ಟಿ ಇರುತ್ತದೆ. ಮಂಡಿಯ ಮುಂದೆ, ಎರಡೂ ಪಕ್ಕ, ಹಿಂದೆ ಎಲ್ಲಾ ಕಡೆ ಹಚ್ಚಬೇಕು. ಒಂದು ಗಂಟೆ ತೊಳೆಯಬಾರದು, ಬಿಸಿ ಇಡಬಾರದು, ಮೇಲೆ ಬಿಗಿಯಾಗಿ ಸುತ್ತಬಾರದು. ಫಲ ಎಷ್ಟು ಅಂತ ಟೀಚರ್ ಕೇಳಿದರು. ಇದ್ದದ್ದನ್ನು ಹೇಳಿದೆ. ಬಹಳ ದಿನದ ಮಂಡಿ ನೋವಿಗೆ ಡೈಕ್ಲೋಫೆನಾಕ್ ಹಚ್ಚಿದ 10 ಜನರಲ್ಲಿ ಸುಮಾರು 6 ಮಂದಿಗೆ ನೋವು ಚೆನ್ನಾಗಿ ಇಳಿಯುತ್ತದೆ, ಔಷಧಿಯಿಲ್ಲದ ಗೆಲ್ ಹಚ್ಚಿದವರಲ್ಲಿ 5 ಮಂದಿಗೆ. "10ಕ್ಕೆ ಒಬ್ಬರು ಜಾಸ್ತಿ. ಇರಲಿ, ಆ ಒಬ್ಬಳು ನಾನೇ ಆಗಿರಬಹುದು, ನೋಡೋಣ" ಅಂದರು.

ನಾಲ್ಕು ವಾರ ಹಚ್ಚಿದರು. ಎರಡು ವಾರ ಬಿಟ್ಟರು. ಮತ್ತೆ ನಾಲ್ಕು ವಾರ ಹಚ್ಚಿದರು. ಹಚ್ಚಿದ ವಾರಗಳಲ್ಲಿ ಸರಾಸರಿ 3, ಬಿಟ್ಟ ವಾರಗಳಲ್ಲಿ 4. ಅವರ ಮಂಡಿಗೆ ಗೆಲ್ ಒಂದು ಅಂಕ ಇಳಿಸುತ್ತದೆ. ದೊಡ್ಡದಲ್ಲ, ಆದರೆ ಯಾವುದು ಕೊಟ್ಟದ್ದು ಅಂತ ಈ ಸಲ ಗೊತ್ತಿದೆ. ಕುರ್ಚಿಯ ಲೆಕ್ಕ ಆರು ತಿಂಗಳಿಗೆ 12 ತಲುಪಿತು.

ನನ್ನ ಕೆಲಸವೂ ಇದರಿಂದ ಬದಲಾಗಿದೆ. ಮೊದಲೆಲ್ಲಾ ಏನು ಔಷಧಿ ತೆಗೆದುಕೊಳ್ಳುತ್ತೀರಿ ಅಂತ ಕೇಳುತ್ತಿದ್ದೆ. ಸಪ್ಲಿಮೆಂಟನ್ನು ಯಾರೂ ಔಷಧಿ ಅಂತ ಎಣಿಸುವುದಿಲ್ಲ, ಪ್ಯಾಚನ್ನಂತೂ ಇಲ್ಲವೇ ಇಲ್ಲ. ಈಗ ಡಬ್ಬಿ, ಪುಡಿ, ಎಣ್ಣೆ, ಪಟ್ಟಿ ಎಲ್ಲವನ್ನೂ ಒಂದು ಚೀಲದಲ್ಲಿ ತನ್ನಿ ಅನ್ನುತ್ತೇನೆ. ನವೆ ಅಂದರೆ ಎಲ್ಲಿ ಅಂತ ಕೇಳುತ್ತೇನೆ, ಅಂಗೈ ನೋಡುತ್ತೇನೆ. ಸಪ್ಲಿಮೆಂಟ್ ಬೇಕೇ ಬೇಕು ಅನ್ನುವವರ ಜೊತೆ ಜಗಳ ಆಡುವುದಿಲ್ಲ. ಡಾಕ್ಟರಿಗೆ ಹೇಳಿ ಒಂದನ್ನೇ ಶುರು ಮಾಡಿ, ಮೂರು ತಿಂಗಳಿಗೆ ಒಂದು ದಿನ ಗುರುತು ಹಾಕಿಕೊಳ್ಳಿ, ಅಷ್ಟರಲ್ಲಿ ಫಲ ಕಾಣದಿದ್ದರೆ ಬಿಡಿ ಅನ್ನುತ್ತೇನೆ. ನವೆ, ಕಡು ಮೂತ್ರ, ಊಟ ಸೇರದಿರುವುದು, ಕಣ್ಣು ಹಳದಿ, ಇದರಲ್ಲಿ ಒಂದು ಕಂಡರೂ ಅವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ ಅಂತ ಚೀಟಿಯ ಮೇಲೆ ಬರೆದುಕೊಡುತ್ತೇನೆ.

ಹೋದ ತಿಂಗಳು ಟೀಚರ್ ಬಂದಿದ್ದಾಗ ಮಗಳಿಂದ ಫೋನ್ ಬಂತು. ಯಾವುದೋ ಹೊಸ ಪ್ಯಾಚ್ ಬಂದಿದೆ, ಗೆಳತಿಯ ಅಮ್ಮನಿಗೆ ತುಂಬಾ ಚೆನ್ನಾಗಿ ಹೊಂದಿದೆಯಂತೆ, ತರಲಾ ಅಂತ. ಟೀಚರ್ ನನ್ನ ಮುಖ ನೋಡಲಿಲ್ಲ. "ಅದರಲ್ಲಿ ಏನೇನಿದೆ ಅಂತ ಫೋಟೋ ಕಳಿಸು ಮಗಳೇ, ಡಾಕ್ಟರಿಗೆ ತೋರಿಸ್ತೀನಿ. ಈ ತಿಂಗಳು ಬೇಡ, ಗೆಲ್ ನಡೀತಿದೆ" ಅಂದರು. ಫೋನ್ ಇಟ್ಟು ಕುರ್ಚಿಯಿಂದ ಎದ್ದರು. ಕೈ ಊರಲಿಲ್ಲ.